ದುಭಾಷಿಯ ಟಿಪ್ಪಣಿ

ಪಾವಗಡದಾಚೆ, ತಿರುಮಣಿಯ ಗೇಟಿನೊಳಗೆ, ಹನ್ನೊಂದೂಕಾಲು.
ಆರು ದೇಶದ ಆರು ಟೋಪಿ, ಒಂದು ಛತ್ರಿ.
ಸೋಲಾರ್ ಗಾಜು ತೊಳೆಯುತ್ತಿದ್ದ ಓಬುಳಮ್ಮ
ಕೋಲಿನ ಮಾಪು ಕೆಳಗಿಡದೆ ನಿಂತಳು.

'ಇಲ್ಲಿ ಏಳದೇ ಹೋದ ಹೊಗೆಯನ್ನು
ನಮ್ಮ ಕಂಪನಿ ಕೊಂಡಿದೆ, ಗೊತ್ತೇ?' ಎಂದನೊಬ್ಬ.
ಕನ್ನಡಕ್ಕಿಳಿಸಿದೆ, ಎರಡು ಸಲ ಎಡವಿ.

'ಅಂದ್ರೆ, ಅವರ ಹೊಗೆ ಅವರೂರಲ್ಲಿ ಏಳ್ತಾನೇ ಇರ್ತದೆ,
ಒರೆಸೋ ಬಟ್ಟೆ ಮಾತ್ರ ನಂದಾ?'

ಸಾಲಿನಾಚೆಯ ಬಂಡೆಗುಡ್ಡ
ಬಿಸಿಲಲ್ಲಿ ನಡುಗುತ್ತಿತ್ತು.

'ಅತ್ತೆ ಒಡೆದರೆ ಹಳೇ ಮಡಕೆ ಅಂತಾರಲ್ಲ,
ಅವರ ಅಜ್ಜಂದಿರು ಒಡೆದದ್ದೂ ಹಾಗೇನಾ, ಕೇಳು.
ಆಕಾಶ ಅಂತ ಇದ್ದದ್ದು ಒಂದೇ ಮಡಕೆ.
ಬಿಸಿಲು ಕೊಡಾಕೆ ನಮಗೇನೂ ಬೇಜಾರಿಲ್ಲ,
ಸಾಲದ ಚೀಟಿ ಮಾತ್ರ
ಅವರ ಜೇಬಲ್ಲೂ ಇರಲಿ.'

ಛತ್ರಿಯ ಕೆಳಗಿಂದ: 'ಏನಂತೆ?'

ನನ್ನ ಬಾಯಲ್ಲಿ ಅತ್ತೆಯೂ ಇದ್ದಳು, ಸೊಸೆಯೂ;
ಅವರ ಭಾಷೆಗೆ ದಾಟಿದ್ದು
'ತುಂಬಾ ಸಂತೋಷವಂತೆ' ಅಷ್ಟೇ.

ಎಲ್ಲರೂ ಕೈಕುಲುಕಿದರು.
ಯಾರದೋ ಐದು ಬೆರಳಿನ ಗುರುತು
ಗಾಜಿನ ಮೇಲೆ ಉಳಿದಿತ್ತು.
ಓಬುಳಮ್ಮ ನನ್ನನ್ನೇ ನೋಡುತ್ತಾ
ಅದನ್ನು ಒರೆಸದೆ
ಮುಂದಿನ ಸಾಲಿಗೆ ಹೋದಳು.