ಹೊಟ್ಟೆ ಸೀಳಿದ ಬ

ಧರಣೇಂದ್ರಯ್ಯನವರೇ,
ಸಂತೇಪೇಟೆಯ ಸೈಕಲ್ ಶಾಪಿನ ನೆತ್ತಿಯ ಮೇಲೆ
ಒಂದೇ ಕೋಣೆ ನಿಮ್ಮದು.
ಹದಿನಾಲ್ಕು ಮೆಟ್ಟಿಲು, ಪಂಕ್ಚರಿನ ಸೊಲ್ಯೂಷನ್ ವಾಸನೆ,
ಬೋರ್ಡಿನಲ್ಲಿ ‘ವಿಮಾ’ದ ದೀರ್ಘ ಬಿಸಿಲಿಗೆ ಉದುರಿ
ಬರೀ ‘ವಿಮ ಸೇವೆ’ ಉಳಿದಿದೆ.
ಅದನ್ನು ತಿದ್ದಿಸಲು ಪುರುಸೊತ್ತಿಲ್ಲದವರು
ನನ್ನ ಒಂದಕ್ಷರಕ್ಕೆ
ಎಂಟು ಸಲ ಊರು ಸುತ್ತಿದಿರಿ.

ನಮ್ಮವರು ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ.
ಅರ್ಧ ಹಾಸನದ ಆಲೂಗಡ್ಡೆ ಅವರ ಬೆನ್ನೇರಿಯೇ
ಲಾರಿ ಹತ್ತಿದ್ದು.
ಕಂತಿನ ದಿನ ನೀವೇ ಯಾರ್ಡಿಗೆ ಬಂದು
ಮೂಟೆ ಇಳಿಯುವ ತನಕ ಕಾದು
ಬೆವರು ಒರೆಸಿಕೊಳ್ಳಲು ಬಿಟ್ಟು, ಆಮೇಲಷ್ಟೇ
ರಸೀದಿ ಪುಸ್ತಕ ತೆಗೆಯುತ್ತಿದ್ದಿರಂತೆ.
ನನಗೆ ಇದೆಲ್ಲ ಗೊತ್ತಾದದ್ದು ತಿಥಿಯ ದಿನ,
ಬಿಳಿ ಅಂಗಿಯವರೊಬ್ಬರು ಬಾಗಿಲಲ್ಲಿ ಚಪ್ಪಲಿ ಬಿಟ್ಟು
“ಒಂದು ಕಾಗದ ಇದೆ ಅಮ್ಮಾ, ಅವಸರವಿಲ್ಲ,
ನೆಂಟರ ಊಟ ಮುಗಿಯಲಿ” ಎಂದಾಗ.

ಆ ಕಾಗದದಲ್ಲಿ ನಾನು ಬದ್ರಮ್ಮ.
ಅವರ ಬಾಯಲ್ಲಿ ಯಾವತ್ತೂ ಹಾಗೇ,
ಮೂಟೆ ಹೊತ್ತ ಉಸಿರಿಗೆ ಮಹಾಪ್ರಾಣ ಎಲ್ಲಿಂದ ಬರಬೇಕು?
ಆಧಾರಿನಲ್ಲಿ ಭದ್ರಮ್ಮ.
ರೇಷನ್ ಕಾರ್ಡಿನಲ್ಲಿ ಬದ್ರಾಮ.
ಬ್ಯಾಂಕಿನಲ್ಲಿ ಇಂಗ್ಲಿಷು, ಅಲ್ಲಿ ನಾನು ಯಾರೆಂದು
ನನಗೇ ಓದಲಾಗದು.

ಸ್ಕೂಲಿನಲ್ಲಿ ಮೇಷ್ಟ್ರು ಬೆರಳ ಗೆಣ್ಣಿಗೆ ಬಾರಿಸುತ್ತಿದ್ದರು:
“ಹೊಟ್ಟೆ ಸೀಳೇ, ಹೊಟ್ಟೆ ಸೀಳು!”
ಆಗ ಸೀಳದೆ ಬಿಟ್ಟದ್ದನ್ನು
ಈಗ ದೊಡ್ಡಾಫೀಸು ಕೇಳಿತು:
ಈ ಬದ್ರಮ್ಮನೇ ಆ ಭದ್ರಮ್ಮ ಎಂಬುದಕ್ಕೆ ಸಾಕ್ಷಿ?
ಪ್ರಾಣ ಹೋದದ್ದಕ್ಕೆ ಸಾಕ್ಷಿ ಇತ್ತು.
ಮಹಾಪ್ರಾಣಕ್ಕೆ ಇರಲಿಲ್ಲ.

ಫೋನು ಮಾಡಿದೆ. ಕನ್ನಡಕ್ಕೆ ಎರಡು ಒತ್ತಿ ಅಂದಳು, ಒತ್ತಿದೆ.
ನಿಮ್ಮ ಕರೆ ನಮಗೆ ಅಮೂಲ್ಯ ಅಂದಳು.
ಅಷ್ಟು ಬೆಲೆಯ ಹೆಂಗಸು ನಾನೆಂದು ಆವತ್ತೇ ತಿಳಿದದ್ದು.
ವೀಣೆ ಬಾರಿಸುತ್ತ ಬಾರಿಸುತ್ತ
ಬ್ಯಾಟರಿ ಸತ್ತಿತು.

ನೀವು ಮಾತ್ರ ಒತ್ತಿಸಲಿಲ್ಲ, ಕಾಯಿಸಲಿಲ್ಲ.
ಮಂಡಿ ನೋವಿನವಳು ಹತ್ತಬಾರದೆಂದು
ಸೈಕಲ್ ಶಾಪಿನ ಸ್ಟೂಲಿಗೇ ಆಫೀಸು ಇಳಿಸಿದಿರಿ.
ನಾಡಕಚೇರಿ, ಬ್ಯಾಂಕು, ನೋಟರಿ, ಮತ್ತೆ ನಾಡಕಚೇರಿ.
ನಿಮ್ಮ ಪ್ರಮೀಳಾ ಸ್ಕೂಟಿಯ ಹಿಂದೆ ಕೂರಿಸಿಕೊಂಡು
“ಗಟ್ಟಿ ಹಿಡ್ಕೊಳಿ ಆಂಟಿ, ಹಂಪ್ ಇದೆ” ಅಂದಳು.
ಎಷ್ಟೋ ತಿಂಗಳ ಮೇಲೆ
ಒಂದು ಜೀವದ ಸೊಂಟ ಹಿಡಿದು ಕೂತಿದ್ದೆ.
ಹಂಪ್ ದಾಟಿದರೂ ಕೈ ಬಿಡಲಿಲ್ಲ.

ಅಫಿಡವಿಟ್ಟಿಗೆ ಸಹಿ ಹಾಕುವಾಗ ಪೆನ್ನು ನಡುಗಿತು.
ಹಳೇ ರಸೀದಿಯ ಬೆನ್ನಿಗೆ ಬರೆದು ತೋರಿಸಿದಿರಿ:
“ಇಷ್ಟೇ ಅಮ್ಮಾ. ಬ ಬರೆಯಿರಿ. ಹೊಟ್ಟೆಗೊಂದು ಗೀರು.”
ಬಾರಿಸಲಿಲ್ಲ.

ಸೀಲು ಬಿದ್ದ ಸಂಜೆ ಮನೆ ತನಕ ಬಿಡಲು ಬಂದಿರಿ.
ಬಿಸಿ ಬಿಸಿ ಆಲೂಗಡ್ಡೆ ಬೋಂಡ ತಟ್ಟೆಗಿಟ್ಟೆ.
ಕೈ ಅಡ್ಡ ಹಿಡಿದಿರಿ: ಹೊತ್ತು ಮುಳುಗಿತು.
ಕಾಫಿ? ಇಲ್ಲ. ನೀರು? ಅದೂ ಇಲ್ಲ.
ಕೋರ್ಟಿನಿಂದ ನೋಟರಿ ಬರಲೆಂದು ನನ್ನೊಡನೆ ಕಾದು
ನಿಮ್ಮ ಊಟದ ಹೊತ್ತೇ ಜಾರಿತ್ತು ಎಂದು
ಮರುದಿನ ಪ್ರಮೀಳಾ ಹೇಳಿದಳು.
ಬೆಳಗಿನ ತನಕ ಬರೀ ಹೊಟ್ಟೆಯಂತೆ.
ಗಡ್ಡೆ ಗೆಣಸು ಯಾವತ್ತೂ ಮುಟ್ಟುವುದಿಲ್ಲವಂತೆ.
ಗಡ್ಡೆಯಿಂದಲೇ ಉಂಡ ಮನೆ ನೋಡಿ ನಮ್ಮದು,
ನಾಚಿಕೆಯಾಯಿತು. ನಗುವೂ ಬಂತು,
ಅವರು ಹೋದಮೇಲೆ ಮೊದಲ ಸಲ.

ದುಡ್ಡು ಬಂತು. ಅದರ ಲೆಕ್ಕ ಇಲ್ಲಿ ಬೇಡ.

ಇವತ್ತು ನಾಲ್ಕಕ್ಕೇ ಬಂದಿದ್ದೇನೆ,
ಬಿಸಿಲು ಇನ್ನೂ ರಿಮ್ಮುಗಳಲ್ಲಿ ತಿರುಗುತ್ತಿದೆ.
ಹದಿನಾಲ್ಕೂ ಮೆಟ್ಟಿಲು ನಾನೇ ಹತ್ತಿದೆ,
ನಡುವೆ ಎರಡು ಸಲ ನಿಂತು.
ಡಬ್ಬಿಯಲ್ಲಿ ಬಾಳೆಕಾಯಿ ಬಜ್ಜಿ.
ಹೆಚ್ಚಿದ ಚಾಕು ಹೊಸದು, ಈರುಳ್ಳಿ ಕಂಡದ್ದಲ್ಲ.
ಮುಚ್ಚಳದ ಮೇಲೆ ಹೆಸರಿದೆ, ಡಬ್ಬಿ ವಾಪಸು ಬರಬೇಕಲ್ಲ:
ಭದ್ರಮ್ಮ. ಹೊಟ್ಟೆ ಸೀಳಿದ್ದೇನೆ, ಸರಿಯಾಗಿ ನೋಡಿಕೊಳ್ಳಿ.
ಫೈಲು ಆಮೇಲೆ ಮುಚ್ಚಿದರಾಯಿತು,
ತಿನ್ನಿ,
ಹೊತ್ತಿದೆ ಇನ್ನೂ.