ಕಾಳಿ ಇಳಿದಷ್ಟು

ಮೂವತ್ತೊಂದು ವರ್ಷ ನನ್ನ ಕೆಲಸ
ಬೈತಖೋಲದ ಧಕ್ಕೆಯಲ್ಲಿ ನಿಂತು
ಸಮುದ್ರ ಎಷ್ಟು ಏರಿತು, ಎಷ್ಟು ಇಳಿಯಿತು
ಬರೆದಿಡುವುದು.
ಅದು ಏರುತ್ತಿತ್ತು. ನಾನು ನಿಂತೇ ಇದ್ದೆ.

ಅರವತ್ತೆಂಟಕ್ಕೆ ಈಗ ಈ ಬ್ಯಾಟರಿ ಸೈಕಲ್ಲು.
ಎಡ ಮೊಣಕಾಲಿಗೆ ಪಟ್ಟಿ, ಎದೆಯೊಳಗೆ ಸ್ಟೆಂಟು,
ಜೇಬಿನಲ್ಲಿ ನಾಲಿಗೆಯಡಿ ಇಡುವ ಗುಳಿಗೆ.
ಚೈನಿಗೆ ಎಣ್ಣೆ ಬಿಡುತ್ತ ಇನಾಸ ಹೇಳಿದ:
‘ಇದು ಹೊತ್ತುಕೊಂಡು ಹೋಗೋದಿಲ್ಲ, ತಾಂಡೇಲರೇ.
ನೀವು ತುಳಿದರೆ ತಾನೂ ಅಷ್ಟು ಸೇರಿಸ್ತದೆ.
ನೀವು ಬಿಟ್ಟಿರೋ, ಅದೂ ಬಿಡ್ತದೆ.’
ಮದುವೆಯ ದಿನ ಯಾರಾದರೂ ಹೇಳಬೇಕಿತ್ತು ಇದನ್ನು.

ಬೆಳಗಿನ ಆರಕ್ಕೆ ಕಾಳಿ ಪಕ್ಕದಲ್ಲೇ ಇದ್ದಳು.
ಕಿನ್ನರ, ಕೆರವಡಿ, ಮಲ್ಲಾಪುರ.
ನಾನು ಮೇಲಕ್ಕೆ, ಅವಳು ಕೆಳಕ್ಕೆ,
ಪಾಳಿ ಬದಲಾಗುವ ಹೊತ್ತಿಗೆ ಗೇಟಿನಲ್ಲಿ ಎದುರಾದವರ ಹಾಗೆ
ಒಂದು ತಲೆಯಲ್ಲಾಟ, ಅಷ್ಟೇ.
ಕದ್ರಾದಲ್ಲಿ ಅವಳನ್ನು ಗೋಡೆ ಕಟ್ಟಿ ನಿಲ್ಲಿಸಿದ್ದಾರೆ.
ಅಲ್ಲಿಂದಾಚೆ ಅಣಶಿ ಘಟ್ಟ.

ಮೊದಲ ತಿರುವು. ಗುಂಡಿ ಒತ್ತಿದೆ.
ಹಿಂದಿನ ಗಾಲಿಯಲ್ಲಿ ಸಣ್ಣಗೆ ಗುಂಯ್,
ಯಾರೋ ಬೆನ್ನಿಗೆ ಅಂಗೈ ಕೊಟ್ಟ ಹಾಗೆ.
ಅಪ್ಪನದಲ್ಲ. ಅಪ್ಪ ಸೈಕಲ್ ಮುಟ್ಟಿದವನಲ್ಲ,
ಅವನ ಅಂಗೈ ಪೂರಾ ಬಲೆಯ ಹಗ್ಗದ್ದು.
ಯಾರದೋ ಇರಲಿ, ಏರಿದೆ.

ಗೋವಾ ನಂಬರಿನ ನಾಲ್ಕು ಬುಲೆಟ್ಟು
ಹೆಬ್ಬೆರಳು ತೋರಿಸಿ ಹೋದವು.
ಹೆಬ್ಬೆರಳಿಗೆ ಏನು ಉತ್ತರವೋ ತಿಳಿಯದೆ
ಬೆಲ್ಲು ಬಾರಿಸಿದೆ, ಟ್ರಿಣ್.
ಅವು ಹೋದ ಮೇಲೆ ಕಾಡು ತನ್ನ ಕಿವಿಯನ್ನು ಮತ್ತೆ ತೆರೆಯಿತು.
ಜರಿದ ಗುಡ್ಡದ ಕೆಂಪು ಬರಿಮೈ ಮೇಲಿಂದ
ಮಂಗಟ್ಟೆಯೊಂದು ಕಣಿವೆ ದಾಟಿತು,
ರೆಕ್ಕೆಯೊಳಗೆ ಉಗಿಬಂಡಿ ಇಟ್ಟುಕೊಂಡು.
ಈ ದಾರಿಯಲ್ಲಿ ಎಷ್ಟು ಸಲ ಬಸ್ಸಲ್ಲಿ ಹೋಗಿದ್ದೇನೆ,
ವಾಂತಿ ಬಾರದಿರಲೆಂದು ಕಣ್ಣು ಮುಚ್ಚಿ.

ಐದು ದೀಪ ಇದ್ದದ್ದು ನಾಲ್ಕಾಯಿತು, ಎರಡಾಯಿತು.
ಕೊನೆಯ ತಿರುವಿಗೆ ಒಂದು, ಅದೂ ಮಿಣುಕುವುದು.
ಎದೆ ಬಡಿಯುತ್ತಿತ್ತು. ಹೆದರಿಕೆಯದೋ, ಖುಷಿಯದೋ?
ಡಾಕ್ಟರು ಎರಡನ್ನೂ ಬೇಡವೆಂದಿದ್ದಾರೆ.

ಮೇಲೆ, ತಗಡಿನ ಚಾ ಅಂಗಡಿ.
ಪುತಳಾಬಾಯಿ ವೇಳಿಪ ಮುಡ್ಲಿ ಗೆಡ್ಡೆಯ ಮಣ್ಣು ಕೆರೆಯುತ್ತಿದ್ದಳು.
‘ತಾನೇ ಓಡೋದಾದರೆ ತುಳಿಯೋದ್ಯಾಕೆ?
ತುಳಿಯೋದಾದರೆ ಕರೆಂಟ್ಯಾಕೆ?’
ಉತ್ತರ ನುಂಗಿ ಚಾರ್ಜರು ತೆಗೆದೆ. ಪ್ಲಗ್ಗು ಇದೆಯಾ?
‘ಪ್ಲಗ್ಗು ಇದೆ. ಕರೆಂಟು ನಿನ್ನೆಯಿಂದ ಇಲ್ಲ.’
ಯಾವಾಗ ಬರ್ತದೆ?
ಗದ್ದದಿಂದ ಘಟ್ಟದ ಕೆಳಗೆ ತೋರಿಸಿದಳು:
‘ನೀವು ಬಂದ ಕಡೆಯಿಂದಲೇ ಬರಬೇಕು.
ಬರ್ತಾ ತರಲಿಲ್ಲವಾ?’

ಬೇಯಿಸಿದ ಮುಡ್ಲಿ, ಉಪ್ಪು, ಹಸಿಮೆಣಸು.
ತಿನ್ನುತ್ತಿದ್ದಾಗ, ಕೇಳದೆಯೇ, ಹೇಳಿದಳು:
ಅವಳ ತವರಿನ ತುಳಸಿಕಟ್ಟೆ ಸೂಪಾದ ನೀರಡಿ ಇದೆ.
ಕಡುಬೇಸಿಗೆಯಲ್ಲಿ ಒಂದೊಂದು ವರ್ಷ
ತಲೆ ಹೊರಗೆ ಹಾಕುತ್ತದೆ.
‘ಎಷ್ಟು ಅಡಿ ಇಳಿದರೆ ಕಾಣ್ತದೆ?’
ಬಾಯಿಗೆ ಬಂದೇಬಿಟ್ಟಿತು, ಹಾಳು ಅಭ್ಯಾಸ.
ಅವಳು ಅಳೆದಿರಲಿಲ್ಲ.
ಗೆಡ್ಡೆಯ ಇನ್ನೊಂದು ಮಗ್ಗುಲು ತಿರುಗಿಸಿ ಕೆರೆದಳು.

ನನ್ನ ಮೊಣಕಾಲು ಇದ್ದಕ್ಕಿದ್ದಂತೆ ಒದ್ದೆ ಅನ್ನಿಸಿತು.

ಹೊರಟಾಗ ಮತ್ತೆ ಕೇಳಿದಳು:
‘ಇಳಿಯುವಾಗ ಅದು ತಿರುಗಿ ತುಂಬಿಕೊಳ್ತದಾ?’
ಇಲ್ಲ. ಇಳಿದದ್ದೆಲ್ಲ ಬ್ರೇಕಿಗೆ ಹೋಗ್ತದೆ.
‘ಹಾಗಾದರೆ ದಂಡ’ ಅಂದಳು,
ದುಡ್ಡು ಎಣಿಸಿ ಸೆರಗಿಗೆ ಕಟ್ಟುತ್ತ.

ಇಡೀ ಘಟ್ಟ ಬ್ರೇಕು ಕಿರಿಚುತ್ತಲೇ ಇತ್ತು.
ಕದ್ರಾದ ತಂತಿಗಳು ತಲೆಯ ಮೇಲಿಂದ
ನನ್ನೂರಿನ ಕಡೆ, ಇನ್ನೂ ದೂರದ ಊರುಗಳ ಕಡೆ,
ಗುಂಯ್ ಎನ್ನುತ್ತಿದ್ದವು, ಅದೇ ಸ್ವರ.

ರಾತ್ರಿ ಹಳೆಯ ರಿಜಿಸ್ಟರು ತೆಗೆದೆ.
ಏರಿದ್ದು ಇಷ್ಟು.
ಇಳಿದದ್ದು ಅಷ್ಟೇ.
ಮೂರನೆಯ ಕಲಮಿಗೆ ಗೆರೆ ಎಳೆದು
ಏನೆಂದು ಹೆಸರಿಡಲಿ ಎಂದು ಬಹಳ ಹೊತ್ತು ಕೂತು
ಕೊನೆಗೆ ಬರೆದೆ: ಮುಡ್ಲಿ, ಎರಡು ಕಿಲೋ.