ಅರ್ಧ ಸುತ್ತು

ಮುಜೂರ್ ದಾಟಿ ಹನ್ನೊಂದು ಕಿಲೋಮೀಟರು.
ಹಿಟ್ಟಿನ ಗಿರಣಿಯ ಹಿಂದೆ ಹಿಪ್ಪುನೇರಳೆ ಮರ,
ಮರದಡಿ ಅನಾಡೋಲ್ ಕಾರು, ಸಾಸಿವೆ ಬಣ್ಣದ್ದು.
ನಾನು ಬಂದದ್ದು ಅದರ ಹಿಂದೀಪಗಳಿಗೆ.
ಅಂಕಾರಾದಲ್ಲಿ ಹಳೆ ಕಾರಿನ ಹುಚ್ಚರಿದ್ದಾರೆ,
ಒಡೆಯದ ಗಾಜಿಗೆ ಕೇಳಿದಷ್ಟು ಕೊಡುತ್ತಾರೆ.

ಗಾಜುನಾರಿನ ಮೈ. ಎತ್ತುಗಳು ಮೇಯುತ್ತವೆ ಇದನ್ನು
ಅಂತ ದೇಶವೆಲ್ಲ ನಕ್ಕಿತ್ತು ಒಂದು ಕಾಲಕ್ಕೆ.
ಇಲ್ಲಿ ಯಾವ ಎತ್ತೂ ಬಾಯಿ ಹಾಕಿಲ್ಲ.
ಕೋಳಿಗಳಿವೆ. ಹಿಂದಿನ ಸೀಟಿನಲ್ಲಿ ಕಾವು ಕೂತ ಹೇಂಟೆ
ನನ್ನನ್ನು ನೋಡಿತು,
ಟಿಕೆಟ್ಟಿಲ್ಲದವಳನ್ನು ಕಂಡಕ್ಟರ್ ನೋಡುವ ಹಾಗೆ.
ಕನ್ನಡಿಗೆ ಜೋತ ನೀಲಿ ದೃಷ್ಟಿಮಣಿ,
ಅದರ ಕಣ್ಣಿಗೂ ಪೊರೆ.

"ನಿಂತದ್ದು ಎಪ್ಪತ್ತೊಂಬತ್ತರ ಜೂನ್‌ನಲ್ಲಿ,"
ನೆಬಾಹತ್ ಅಜ್ಜಿ ಸ್ಟೂಲು ಎಳೆದು ಕೂತಳು.
"ಇವಳ ಪರೀಕ್ಷೆಗೆ ಹೊರಟಿದ್ದೆವು, ಟೀಚರ್ ಶಾಲೆಯದು,
ಕಿರ್‌ಶೆಹಿರ್‌ಗೆ. ರಸ್ತೆ ನಡುವೆ ಉಸಿರೇ ಇಲ್ಲ.
ಆಮೇಲೆ ಶಾಬಾನ್ ಉಸ್ತಾದ ಬಂದ, ಕಾಯಿಲ್ ಅಂದ, ಬದಲಿಸಿದೆವು.
ಲುತ್ಫಿ ಪಂಪ್ ಅಂದ, ಬದಲಿಸಿದೆವು.
ಮೂರನೆಯವನು ಬಾನೆಟ್ಟನ್ನೂ ಎತ್ತಲಿಲ್ಲ,
ಟಯರಿಗೆ ಒದ್ದ, ಆಯಸ್ಸು ಇಷ್ಟೇ ಅಂದ,
ಚಹಾ ಕುಡಿದು ಹೋದ.
ನಮ್ಮ ಜಾವಿತ್ ಎತ್ತು ಹೂಡಿ ಎಳೆಸಿ ಇಲ್ಲಿ ನಿಲ್ಲಿಸಿದ,
ಒಂದು ವಾರದ ಮಟ್ಟಿಗೆ."

ಒಂದು ವಾರದ ಮಟ್ಟಿಗೆ.
ಎಷ್ಟೋ ಕಾರುಗಳು ಸತ್ತದ್ದು ಹೀಗೇ.
ಸಿವಾಸಿನಲ್ಲಿ ಒಂದು ಫ್ಯೂಸಿಗೆ ನಿಂತ ಮುರಾತ್ ನೋಡಿದ್ದೇನೆ,
ಬೀಗದ ಕೈ ಇನ್ನೂ ಅದರಲ್ಲೇ.
ಯೋಜ್ಗಾತಿನಲ್ಲೊಂದು ರೆನೋ,
ಏನಾಗಿತ್ತೆಂದು ಮನೆಯವರಿಗೇ ಮರೆತಿದೆ,
ಆದರೂ ಯಾರಿಗೂ ಕೊಡರು. ಸರಿ ಮಾಡಿಸಬೇಕು ಅದನ್ನ, ಅನ್ನುತ್ತಾರೆ,
ಮೊನ್ನೆ ತಾನೇ ಕೆಟ್ಟಿತೆಂಬಂತೆ.

ಬಾನೆಟ್ ಎತ್ತಿದೆ. ಇಲಿಗೂಡು, ತುಕ್ಕು, ಹಣ್ಣಿನ ಕಲೆ.
ಟಾರ್ಚ್ ಹಿಡಿದವಳು ಮಗಳು ಹಾಜೆರ್,
ಅರವತ್ತು ದಾಟಿದವಳು, ಬೀಟ್‌ರೂಟ್ ಹೊಲದ ಕೈ.
ತಗಡಿನ ಕಾರಾದರೆ ಮೈಯೇ ನೆಲ,
ಕರೆಂಟು ಎಲ್ಲಿ ಮುಟ್ಟಿದರೂ ಮನೆಗೆ ಮರಳುತ್ತದೆ.
ಇದು ನಾರಿನ ಮೈ. ಇದಕ್ಕೆ ನೆಲವಿಲ್ಲ.
ಮರಳಲು ಒಂದೊಂದಕ್ಕೂ ಬೇರೆ ತಂತಿ ಬೇಕು,
ಎಲ್ಲವೂ ಬಂದು ಸೇರುವುದು ಒಂದೇ ಬೋಲ್ಟಿಗೆ.
ತಗಡಿನಲ್ಲಿ ಕಲಿತ ಉಸ್ತಾದರು
ಅಲ್ಲಿ ಕೈಯಿಟ್ಟಿರಲಿಲ್ಲ.
ಬೆರಳಿಗೇ ಅಲ್ಲಾಡಿತು,
ಇವತ್ತೋ ನಾಳೆಯೋ ಎಂಬ ಹಾಲುಹಲ್ಲು.
ಅರ್ಥ್ ಸಿಕ್ಕಿರಲಿಲ್ಲ.
ಅಷ್ಟೇ. ಅರ್ಥ್.

ಉಪ್ಪುಕಾಗದದಲ್ಲಿ ಉಜ್ಜಿದೆ. ಸ್ಪ್ಯಾನರ್ ಹಾಕಿ ಅರ್ಧ ಸುತ್ತು.
ವ್ಯಾನಿನಲ್ಲಿದ್ದ ಹಳೆ ಬ್ಯಾಟರಿ ತಂದು ಜೋಡಿಸಿದೆ.
ಒಳಗೆ, ಹೇಂಟೆಯ ನೆತ್ತಿಯ ಮೇಲೆ,
ಸಣ್ಣ ದೀಪ ಹತ್ತಿಕೊಂಡಿತು.

ಇಂಜಿನ್ ತಿರುಗಲಿಲ್ಲ, ಇನ್ನು ತಿರುಗುವುದೂ ಇಲ್ಲ.
ಪಿಸ್ಟನ್ನು ಗೋಡೆಗೆ ಕಚ್ಚಿ ಎಷ್ಟೋ ವರ್ಷ.
ಅಂದು ಇಲ್ಲದ ರೋಗ
ಕಾದೂ ಕಾದೂ ಬಂದಿದೆ.

"ಏನಾಗಿತ್ತಂತೆ?" ಅಜ್ಜಿ ಕೂತಲ್ಲಿಂದಲೇ ಕೂಗಿದಳು.
ಹೇಳುವವಳಿದ್ದೆ.
ಟಾರ್ಚಿನ ಬೆಳಕು ಬೋಲ್ಟು ಬಿಟ್ಟು ಕದಲಿರಲಿಲ್ಲ.
ಹಾಜೆರ್ ನೋಡುತ್ತಿದ್ದಳು
ಸ್ಪ್ಯಾನರು ತಿರುಗಿದಷ್ಟು ಜಾಗವನ್ನು,
ಕಣ್ಣಲ್ಲೇ ಗೇಣು ಹಾಕುವ ಹಾಗೆ.

"ಇಂಜಿನ್ನೇ ಹೋಗಿತ್ತಜ್ಜಿ," ಅಂದೆ.
"ಯಾರ ಕೈಲೂ ಆಗುತ್ತಿರಲಿಲ್ಲ."
"ನಾನು ಹೇಳಲಿಲ್ಲವೇ," ಅಂದಳು ಅಜ್ಜಿ, ಯಾರಿಗೋ.
ತೀರಿಹೋದ ಜಾವಿತ್‌ಗಿರಬೇಕು.

ಬ್ಯಾಟರಿ ಬಿಚ್ಚಲು ಕೈ ಹಾಕಿದೆ.
"ಇರಲಿ ಅದು," ಹಾಜೆರ್ ಅಂದಳು, ಅಷ್ಟು ಹೊತ್ತಿಗೆ ಮೊದಲ ಮಾತು.
"ಕತ್ತಲಾದರೆ ಕೋಳಿಗಳು ಹೆದರುತ್ತವೆ.
ಬದಲಿಗೆ ಹಿಂದೀಪ ಎರಡೂ ತಗೋ."

ಬಿಚ್ಚಿಕೊಂಡೆ. ಒಂದೊಂದಕ್ಕೆ ನಾಲ್ಕು ಸ್ಕ್ರೂ.
ಎಂಟೂ ಬಿಗಿಯಾಗಿಯೇ ಇದ್ದವು.